ನಡುವಿನ ಕಾಲಂ

ಭಾಗಾಕಾರ ಸಲೀಸಾಗಿ ಬಾರದವರು ನೇಪಾಳಕ್ಕೆ ಹೋಗಬಾರದು. ನಮ್ಮ ಒಂದು ರೂಪಾಯಿಗೆ ಅವರದು ಒಂದು ರೂಪಾಯಿ ಅರವತ್ತು ಪೈಸೆ. 1993ರಿಂದ ಇದೇ ದರ. ಡಾಲರ್ ಹಾರಲಿ ಬೀಳಲಿ, ಸರ್ಕಾರಗಳು ಬರಲಿ ಹೋಗಲಿ, ಈ ಒಂದು ಅರವತ್ತು ಮಾತ್ರ ಜಗ್ಗಿಲ್ಲ. ಕೇಳುವುದಕ್ಕೆ ನೆಮ್ಮದಿಯ ಸಂಗತಿಯೇ. ಆದರೆ ಪೊಖರಾದ ಚಹಾದಂಗಡಿಯ ಮುಂದೆ ನಿಂತು, ಬೋರ್ಡಿನಲ್ಲಿ ಬರೆದ ಎಪ್ಪತ್ತು ರೂಪಾಯಿ ಎಂದರೆ ನಮ್ಮದೆಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ನೋಡಿ. ಎರಡರಿಂದ ಭಾಗಿಸು ಎಂದರೆ ಭಾಗಿಸಬಹುದು. ಒಂದೂವರೆಯಿಂದ ಎಂದರೂ ಹೇಗೋ ಏಗಬಹುದು. ಒಂದು ಪಾಯಿಂಟ್ ಆರರಿಂದ ಭಾಗಿಸುವಷ್ಟರಲ್ಲಿ ಚಹಾ ಆರಿ ಕೆನೆಗಟ್ಟಿರುತ್ತದೆ. ಸಾಲದ್ದಕ್ಕೆ ಅಂಗಡಿಯವಳು "ಐಸಿಯಾ, ಎನ್‌ಸಿಯಾ?" ಎಂದು ಬೇರೆ ಕೇಳುತ್ತಾಳೆ. ಐಸಿ ಎಂದರೆ ಇಂಡಿಯನ್ ಕರೆನ್ಸಿ, ಎನ್‌ಸಿ ಎಂದರೆ ನೇಪಾಳಿ. ನಾವು ಯಾವ ದುಡ್ಡು ಕೊಡುತ್ತೇವೆ ಎನ್ನುವುದರ ಮೇಲೆ ಅವಳು ಯಾವ ದುಡ್ಡಿನಲ್ಲಿ ಚಿಲ್ಲರೆ ಕೊಡುತ್ತಾಳೆ ಎಂಬುದು ನಿಂತಿದೆ. ಕೆಲವೊಮ್ಮೆ ನಿಂತಿಲ್ಲ.

"ಎಂಟರಿಂದ ಭಾಗಿಸಿ ಐದರಿಂದ ಗುಣಿಸು, ಮುಗೀತು," ಎನ್ನುತ್ತಾರೆ ನಮ್ಮ ಭಾವ. ಅವರು ಸಹಕಾರಿ ಬ್ಯಾಂಕೊಂದರಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತರಾದವರು. ನಮ್ಮ ಕಡೆಯ ಮದುವೆಗಳಲ್ಲಿ ಮುಯ್ಯಿ ಬರೆಯುವುದಕ್ಕೆ ಮೊದಲು ಹುಡುಕುವುದು ಅವರನ್ನೇ. ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ ಮತ್ತು ಬಾಯಲ್ಲಿ ಕಚ್ಚಿದ ಪೆನ್ನಿನ ಮುಚ್ಚಳ ಇಲ್ಲದೆ ಅವರು ಯಾವ ಊರಿಗೂ ಹೊರಟಿಲ್ಲ. ಅಕ್ಕನ ಓರಗಿತ್ತಿಯ ಮಗ ಸ್ವಿಟ್ಜರ್ಲೆಂಡಿಗೆ ಹೋಗಿ ಹಿಮದ ಮುಂದೆ ನಿಂತ ಫೋಟೋಗಳನ್ನು ಮನೆಯ ವಾಟ್ಸಾಪ್ ಗುಂಪಿಗೆ ದಿನಕ್ಕೆ ಎರಡು ಹೊತ್ತು ಹಾಕತೊಡಗಿದಾಗ ಭಾವ ಒಂದು ಭಾನುವಾರ ನನ್ನನ್ನು ಕರೆಸಿ ತೀರ್ಮಾನ ಹೇಳಿದರು: "ಹಿಮಾಲಯಾನೇ ಆಗಬೇಕು. ಫಾರಿನ್ನೂ ಆಗಿರಬೇಕು. ತಲೆಗೆ ನಲವತ್ತು ಸಾವಿರ ದಾಟಕೂಡದು. ನೀನು ಬರ್ತೀಯೋ ಇಲ್ಲವೋ?"

ಬರುವುದಿಲ್ಲ ಎನ್ನಲು ನನ್ನಲ್ಲಿ ಮಂಡಿನೋವು ಎಂಬ ಒಳ್ಳೆಯ ಕಾರಣವೇ ಇತ್ತು. ಆದರೆ ಆ ಪುಸ್ತಕದ ಹೊಸ ಹಾಳೆಯಲ್ಲಿ ಆಗಲೇ ನನ್ನ ಹೆಸರಿನ ಮುಂದೆ ಗೆರೆ ಎಳೆದಾಗಿತ್ತು.

ನಕಾಶೆ ನೋಡಿದರೆ ಹಿಮಾಲಯವನ್ನು ಐದು ದೇಶಗಳು ಹಂಚಿಕೊಂಡಿವೆ. ನಮ್ಮದನ್ನು ಬಿಟ್ಟು ಉಳಿದದ್ದರಲ್ಲಿ ಪಾಕಿಸ್ತಾನದ ಪಾಲನ್ನು ಭಾವ ಮಾತಿಲ್ಲದೆ ಹೊಡೆದುಹಾಕಿದರು. ಟಿಬೆಟ್ಟಿನದು ಲಕ್ಷದ ಬಾಬತ್ತು. ಕೈಲಾಸ ಮಾನಸ ಸರೋವರಕ್ಕೆ ಹೋಗಿಬಂದವರಿಗೆ ನಮ್ಮ ಮುಜರಾಯಿ ಇಲಾಖೆ ಸಹಾಯಧನ ಕೊಡುತ್ತದೆ ಎಂದು ಗೊತ್ತಾದಾಗ ಅವರ ಪೆನ್ನು ಒಂದು ಕ್ಷಣ ಅಲ್ಲೇ ತಡೆಯಿತು. ಆದರೆ ಸಹಾಯಧನ ಕಳೆದ ಮೇಲೂ ಉಳಿಯುವ ಮೊತ್ತ ಕಂಡು ಮುಂದೆ ಸರಿಯಿತು. ಭೂತಾನಕ್ಕೆ ಭಾರತೀಯರಿಗೆ ವೀಸಾ ಬೇಡ. ಆದರೆ 2022ರಿಂದ ಅಲ್ಲಿ ಕಳೆಯುವ ಒಂದೊಂದು ರಾತ್ರಿಗೂ ತಲಾ 1,200 ರೂಪಾಯಿ ಸರ್ಕಾರಕ್ಕೆ ಕಟ್ಟಬೇಕು. ಊಟ, ರೂಮು, ಗೈಡ್ ಎಲ್ಲ ಬೇರೆ. "ನಿದ್ದೆ ಬಂದರೂ 1,200, ಬರದಿದ್ದರೂ 1,200," ಎಂದು ಭಾವ ಆ ಹಾಳೆಯನ್ನೂ ಮಡಿಸಿದರು. ಉಳಿದದ್ದು ನೇಪಾಳ.

ನೇಪಾಳದೊಳಗೆ ಎವರೆಸ್ಟೋ ಅನ್ನಪೂರ್ಣವೋ ಎಂಬ ಪ್ರಶ್ನೆ ಎರಡು ದಿನ ನಡೆಯಿತು. ಎವರೆಸ್ಟ್ ಬೇಸ್ ಕ್ಯಾಂಪ್ 5,364 ಮೀಟರ್ ಎತ್ತರ, ಅನ್ನಪೂರ್ಣದ್ದು 4,130. ಹೆಸರಿನ ತೂಕ ನೋಡಿದರೆ ಎವರೆಸ್ಟೇ ಸರಿ. ವಾಟ್ಸಾಪ್ ಗುಂಪಿನಲ್ಲಿ ಸ್ವಿಟ್ಜರ್ಲೆಂಡ್ ಒಂದೇ ಏಟಿಗೆ ಮಲಗುತ್ತಿತ್ತು. ಆದರೆ ಅಲ್ಲಿಗೆ ಲುಕ್ಲಾ ಎಂಬಲ್ಲಿಗೆ ಪುಟ್ಟ ವಿಮಾನ ಹಿಡಿಯಬೇಕು, ಇಲ್ಲವೇ ಜೀಪಿನಲ್ಲಿ ಸೊಂಟ ಮುರಿದುಕೊಂಡು ದಿನಗಟ್ಟಲೆ ಹೆಚ್ಚಿಗೆ ನಡೆಯಬೇಕು. ಆ ವಿಮಾನದ ದರಗಳನ್ನು ವಿಚಾರಿಸುವಾಗಲೇ ನಮಗೆ ಒಂದು ವಿಷಯ ತಿಳಿದದ್ದು: ನೇಪಾಳದ ಒಳಗಿನ ವಿಮಾನಗಳಲ್ಲಿ ನೇಪಾಳಿಗಳಿಗೆ ಒಂದು ದರ, ಡಾಲರಿನವರಿಗೆ ಒಂದು ದರ, ಇವೆರಡರ ನಡುವೆ ಭಾರತೀಯರಿಗೆಂದೇ ಇನ್ನೊಂದು ದರ. ಭಾವನಿಗೆ ಇದು ಬಹಳ ಹಿಡಿಸಿತು. ವಿಮಾನ ಮಾತ್ರ ಹಿಡಿಸಲಿಲ್ಲ. ಒಟ್ಟು ಖರ್ಚನ್ನು ಎತ್ತರದಿಂದ ಭಾಗಿಸಿ, ಮೀಟರಿಗೆ ಇಷ್ಟು ಎಂದು ಲೆಕ್ಕ ತೆಗೆದು, ಅನ್ನಪೂರ್ಣ ಮೀಟರಿಗೆ ಅಗ್ಗ ಎಂದು ತೀರ್ಪು ಕೊಟ್ಟರು. ಪರ್ವತಗಳನ್ನು ಹೀಗೆ ಬಟ್ಟೆ ಅಂಗಡಿಯ ದರದಲ್ಲಿ ಅಳೆದವರು ಹಿಂದೆ ಯಾರಾದರೂ ಇದ್ದರೋ ಕಾಣೆ.

ಇನ್ನು ಕಾಗದಪತ್ರ. ನೇಪಾಳಕ್ಕೆ ಹೋಗಲು ಪಾಸ್‌ಪೋರ್ಟ್ ಬೇಕು, ಇಲ್ಲವೇ ಚುನಾವಣಾ ಆಯೋಗದ ಗುರುತಿನ ಚೀಟಿ ಸಾಕು. ಬ್ಯಾಂಕಿನಿಂದ ಹಿಡಿದು ಸಿಮ್ ಕಾರ್ಡಿನವರೆಗೆ ನಮ್ಮ ಬದುಕನ್ನೆಲ್ಲ ಆಳುವ ಆಧಾರ್ ನನ್ನ ವಯಸ್ಸಿನವರಿಗೆ ಅಲ್ಲಿ ನಡೆಯುವುದಿಲ್ಲ. ಅರವತ್ತೈದು ದಾಟಿದವರಿಗೂ ಹದಿನೈದು ತುಂಬದ ಮಕ್ಕಳಿಗೂ ಮಾತ್ರ ನಡೆಯುತ್ತದೆ. ಪಾಸ್‌ಪೋರ್ಟಿನ ಅವಧಿ ಮುಗಿದಿದ್ದರಿಂದ ನಾನು ಬೀರುವಿನ ತಳದಿಂದ ವೋಟರ್ ಐಡಿ ತೆಗೆದೆ. ಅದರ ಮೇಲಿರುವ ಕಪ್ಪುಬಿಳುಪು ಚಿತ್ರ ನನ್ನದು ಎಂದು ನಂಬಲು ನನಗೇ ಸ್ವಲ್ಪ ಹೊತ್ತು ಬೇಕು. ಬೆಳಗಿನ ಜಾವ ಪೊಲೀಸರು ಎಬ್ಬಿಸಿಕೊಂಡು ಬಂದ ಯಾರೋ ಒಬ್ಬ, ತಾನು ಏನೂ ಕದ್ದಿಲ್ಲ ಎಂದು ಹೇಳಹೊರಟು ಅರ್ಧಕ್ಕೆ ನಿಲ್ಲಿಸಿದ ಮುಖ. ಪ್ರಜಾಪ್ರಭುತ್ವಕ್ಕೆ ಈ ಮುಖ ಸಾಕಾಗಿತ್ತು. ವಿದೇಶಕ್ಕೆ ಸಾಕೇ ಎಂಬ ಅನುಮಾನ ಹೊರಡುವವರೆಗೂ ಕಾಡಿತು.

ವಿದೇಶ ಎಂದೆನಲ್ಲ, ಅದನ್ನು ಕೇರಿಯವರು ಯಾರೂ ಒಪ್ಪಲಿಲ್ಲ. "ಫಾರಿನ್ ಟೂರಂತೆ?" ಎಂದು ಕಣ್ಣರಳಿಸಿ ಕೇಳಿದ ಎದುರುಮನೆಯಾಕೆ "ನೇಪಾಳ" ಎಂದ ಕೂಡಲೇ "ಓ, ಅದಾ" ಎಂದು ಒಣಹಾಕಿದ ಬಟ್ಟೆಯತ್ತ ತಿರುಗಿದರು. ಅಕ್ಕ ಮಾತ್ರ ಯುದ್ಧಕ್ಕೆ ಕಳಿಸುವಂತೆ ಸಿದ್ಧತೆ ನಡೆಸಿದಳು. ಚಟ್ನಿಪುಡಿ, ಹುರಿಹಿಟ್ಟು, ಒಗ್ಗರಣೆ ಹಾಕಿದ ಅವಲಕ್ಕಿ, ಒಣಶುಂಠಿ. ಭಾವನ ಬನಿಯನ್ನುಗಳ ಒಳಗಡೆ ಒಂದೊಂದು ಜೇಬು ಹೊಲಿದಳು, ಬಾಯಿಗೆ ಎರಡೆರಡು ಪ್ರೆಸ್ ಗುಂಡಿ. ಆ ಜೇಬಿಗೆ ಹೋದದ್ದು ನೂರರ ನೋಟಿನ ಕಟ್ಟುಗಳು. ನೂರಕ್ಕಿಂತ ದೊಡ್ಡ ನಮ್ಮ ನೋಟುಗಳನ್ನು ನೇಪಾಳ 2018ರಲ್ಲಿ ನಿಷೇಧಿಸಿತ್ತು. 2016ರ ನೋಟು ರದ್ದತಿಯಲ್ಲಿ ಅಲ್ಲಿನ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ನಮ್ಮ ಹಳೆಯ ಐನೂರು, ಸಾವಿರದ ನೋಟುಗಳು ಹಾಗೇ ಉಳಿದುಬಿಟ್ಟಿದ್ದವು; ಅವರ ಮುನಿಸಿನಲ್ಲಿ ಅರ್ಥವಿತ್ತು. 2024ರಿಂದ ನಮ್ಮ ಯುಪಿಐ ಅಲ್ಲಿನ ಅಂಗಡಿಗಳಲ್ಲೂ ನಡೆಯತೊಡಗಿದೆ ಎಂದು ನಾನು ಮೊಬೈಲ್ ತೋರಿಸಿದರೆ, ಭಾವ "ಬೆಟ್ಟದ ಮೇಲೆ ಸಿಗ್ನಲ್ ನಿನ್ನ ತಾತ ತರ್ತಾನಾ?" ಎಂದರು. ಅವರ ಮಾತೇ ನಡೆಯಿತು. ಬೆಟ್ಟದ ಮೇಲೆ ನಗದೇ ದೇವರು.

ಯಶವಂತಪುರದಿಂದ ಗೋರಖಪುರಕ್ಕೆ ರೈಲು. ಸ್ಲೀಪರ್ ಕೋಚಿನಲ್ಲಿ ಎರಡು ರಾತ್ರಿ ಕಳೆದವನಿಗೆ ಹಿಮಾಲಯ ಹತ್ತುವುದು ಶಿಕ್ಷೆಯ ಉಳಿದ ಭಾಗ ಮಾತ್ರ. ಗೋರಖಪುರದಲ್ಲಿ ಇಳಿದಾಗ ಭಾವ ಎಲ್ಲರಂತೆ ಹೊರಬಾಗಿಲಿಗೆ ಹೋಗಲಿಲ್ಲ. ಪ್ಲಾಟ್‌ಫಾರ್ಮಿನ ಉದ್ದಕ್ಕೆ ನಡೆಯಹೊರಟರು. ಬಹಳ ವರ್ಷ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಎನ್ನಿಸಿಕೊಂಡದ್ದು ಇದು, 1,366 ಮೀಟರ್. 2023ರಲ್ಲಿ ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 1,507 ಮೀಟರಿನದು ಉದ್ಘಾಟನೆಯಾಗಿ ಇದನ್ನು ಹಿಂದೆ ಹಾಕಿತು. ಸೋತ ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿ ಭಾವನಿಗೆ ಏನು ಸಿಕ್ಕಿತೋ ಗೊತ್ತಿಲ್ಲ. ಬೆನ್ನ ಮೇಲಿನ ಚೀಲ ಹೊತ್ತು ಹಿಂದೆ ನಡೆದ ನನಗೆ ಅಭ್ಯಾಸವಾಯಿತು. "ನೋಡು, ನಮ್ಮದಕ್ಕಿಂತ ನೂರ ನಲವತ್ತೊಂದು ಮೀಟರ್ ಕಮ್ಮಿ," ಎಂದು ಅವರು ಟೀ ಮಾರುವ ಹುಡುಗನಿಗೂ ಹಿಂದಿಯಲ್ಲಿ ತಿಳಿಸಿದರು. ಅವನು ಟೀ ಬೇಕೋ ಬೇಡವೋ ಎಂದು ಮಾತ್ರ ಕೇಳಿದ.

ಸುನೌಲಿ ಗಡಿಯಲ್ಲಿ ಒಂದು ಕಮಾನು. ಈಚೆ ಭಾರತ, ಆಚೆ ನೇಪಾಳ. ರಿಕ್ಷಾ, ಲಾರಿ, ತಲೆಯ ಮೇಲೆ ಹಿಟ್ಟಿನ ಚೀಲ ಹೊತ್ತ ಹೆಂಗಸರು, ಒಂದು ಆಡು ಎಲ್ಲವೂ ಅದರ ಕೆಳಗೆ ಹಾಯುತ್ತಿದ್ದವು. ನಾನು ವೋಟರ್ ಐಡಿಯನ್ನು ಕೈಯಲ್ಲಿ ಹಿಡಿದು, ಅದರ ಮುಖಕ್ಕೆ ಹೊಂದುವಂತೆ ನನ್ನ ಮುಖವನ್ನೂ ಸಿದ್ಧಪಡಿಸಿಕೊಂಡು ನಡೆದೆ. ಯಾರೂ ಕೇಳಲಿಲ್ಲ. 1950ರ ಒಪ್ಪಂದದ ಪುಣ್ಯ. ಆಡನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ವಿದೇಶಕ್ಕೆ ಕಾಲಿಟ್ಟ ಗುರುತಾಗಿ ಒಂದು ಮೊಹರೂ ಸಿಗದ್ದಕ್ಕೆ ಭಾವನಿಗೆ ಬೇಸರವಾಯಿತು.

ಗಡಿಯಾಚೆ ಗಡಿಯಾರ ಹದಿನೈದು ನಿಮಿಷ ಮುಂದೆ. ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದ್ದರೆ ಅವರು ಐದೂಮುಕ್ಕಾಲು. ಗೌರೀಶಂಕರ ಪರ್ವತದ ರೇಖಾಂಶ ಹಿಡಿದು 1986ರಲ್ಲಿ ಇಟ್ಟುಕೊಂಡ ಸಮಯವಿದು. "ಕಾಲು ಗಂಟೆಗೆ ಯಾರು ಮುಳ್ಳು ತಿರುಗಿಸ್ತಾರೆ," ಎಂದು ಭಾವ ತಮ್ಮ ಎಚ್‌ಎಂಟಿಯನ್ನು ಇದ್ದಹಾಗೇ ಬಿಟ್ಟರು. ಹೀಗಾಗಿ ಚಾರಣ ಮುಗಿಯುವವರೆಗೆ ಅವರೊಬ್ಬರೇ ಭಾರತದ ಕಾಲಮಾನದಲ್ಲಿ ನಡೆದರು. ಇಸವಿಯ ವಿಷಯದಲ್ಲಿ ಮಾತ್ರ ಉತ್ಸಾಹ ತೋರಿದರು. ವಿಕ್ರಮ ಸಂವತ್ಸರ ಎಣಿಸುವ ನೇಪಾಳದ ಅಂಗಡಿಯ ಕ್ಯಾಲೆಂಡರಿನಲ್ಲಿ ಅದು 2081. "ಈ ಲೆಕ್ಕದಲ್ಲಿ ಬ್ಯಾಂಕಿನಿಂದ ನನಗೆ ಎಷ್ಟು ವರ್ಷದ ಬಾಕಿ ಬರಬೇಕು ಗೊತ್ತಾ?"

ಪೊಖರಾದಲ್ಲಿ ಪರ್ಮಿಟ್ ಕೊಡುವ ಕಚೇರಿಯ ಗೋಡೆಯ ಮೇಲೆ ದರಪಟ್ಟಿ ಇದೆ. ಅನ್ನಪೂರ್ಣ ಸಂರಕ್ಷಣಾ ಪ್ರದೇಶಕ್ಕೆ ವಿದೇಶಿಯರಿಗೆ 3,000 ನೇಪಾಳಿ ರೂಪಾಯಿ. ಸಾರ್ಕ್ ದೇಶದವರಿಗೆ 1,000. ನೇಪಾಳಿಗಳಿಗೆ ನಾಮಕಾವಾಸ್ತೆ. ಭಾವ ಆ ಪಟ್ಟಿಯ ಮುಂದೆ ದೇವಸ್ಥಾನದಲ್ಲಿ ನಿಲ್ಲುವಷ್ಟು ಹೊತ್ತು ನಿಂತರು. ಸಾವಿರ ಎಂದರೆ ನಮ್ಮ 625. ಸಾರ್ಕ್ ಎಂಬ ಸಂಸ್ಥೆ ಹುಟ್ಟಿದ್ದು 1985ರಲ್ಲಿ. ಎರಡನೇ ಶೃಂಗಸಭೆ 1986ರಲ್ಲಿ ನಡೆದದ್ದು ನಮ್ಮ ಬೆಂಗಳೂರಿನಲ್ಲೇ. ಆಗ ರಸ್ತೆಗಳಿಗೆ ಸುಣ್ಣಬಣ್ಣ ಬಳಿದದ್ದು ಬಿಟ್ಟರೆ ಅದರಿಂದ ನಮಗೇನಾಯಿತು ಎಂದು ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. 2014ರ ನಂತರ ಅದರ ಶೃಂಗಸಭೆಯೇ ನಡೆದಿಲ್ಲ. ಆದರೂ ಪೊಖರಾದ ಈ ಗೋಡೆಯ ಮೇಲೆ ಅದು ಜೀವಂತವಾಗಿ ಉಸಿರಾಡುತ್ತ, ತಲೆಗೆ 2,000 ರೂಪಾಯಿ ಉಳಿಸಿಕೊಡುತ್ತ ಕುಳಿತಿತ್ತು.

ಆ ನಡುವಿನ ಕಾಲಂ ನೋಡುತ್ತ ನನಗನಿಸಿದ್ದು: ನಾವು ಹುಟ್ಟಿದಾಗಿನಿಂದ ಇದ್ದದ್ದೇ ಇದರಲ್ಲಿ. ಎಡಗಡೆಯ ಕಾಲಮ್ಮಿನವರಿಗೆ ರಿಯಾಯಿತಿ, ಬಲಗಡೆಯವರಿಗೆ ಮರ್ಯಾದೆ. ಹಳೆಯ ಸಿನಿಮಾ ಟಾಕೀಸಿನಲ್ಲಿ ಗಾಂಧಿ ಕ್ಲಾಸಿಗೂ ಬಾಲ್ಕನಿಗೂ ನಡುವೆ ಒಂದು ಸೆಕೆಂಡ್ ಕ್ಲಾಸ್ ಇರುತ್ತಿತ್ತಲ್ಲ, ಅಲ್ಲಿ ಕೂತು ಬೆಳೆದವರು ನಾವು. ನೇಪಾಳ ಇದನ್ನು ಬಾಯಿಬಿಟ್ಟು ಗೋಡೆಯ ಮೇಲೆ ಬರೆದುಬಿಟ್ಟಿದೆ. ಪೊಖರಾದ ಲೇಕ್‌ಸೈಡಿನ ಅಂಗಡಿಯವರು ಬಿಳಿಯರನ್ನು "ಹಲೋ ಸರ್" ಎಂದೂ, ತಮ್ಮವರನ್ನು ಅಣ್ಣ ಎಂಬರ್ಥದಲ್ಲಿ "ದಾಯಿ" ಎಂದೂ ಕರೆಯುತ್ತಾರೆ. ನಮ್ಮನ್ನು ಕಂಡರೆ ಒಂದು ಗಳಿಗೆ ತಡೆದು ನೋಡಿ, "ಆಯಿಯೇ" ಎನ್ನುತ್ತಾರೆ. ಆ ತಡೆದ ಗಳಿಗೆಯಲ್ಲಿ ನಾವು ಎಷ್ಟು ಚೌಕಾಸಿ ಮಾಡುತ್ತೇವೆ ಎಂಬ ಅಂದಾಜು ಮುಗಿದಿರುತ್ತದೆ. ಅಂದಾಜು ಸರಿಯಾಗಿಯೇ ಇರುತ್ತದೆ. ಬಾಡಿಗೆಗೆ ತಂದ ಎರಡು ಡೌನ್ ಜಾಕೆಟ್ ಮತ್ತು ಸ್ಲೀಪಿಂಗ್ ಬ್ಯಾಗುಗಳಿಗೆ ಭಾವ ಹೋರಾಡಿದ ರೀತಿ ನೋಡಿ ಅಂಗಡಿಯವನೇ ಕೊನೆಗೆ ನಿಂಬೆ ಚಹಾ ತರಿಸಿದ.

ನಡುವಿನ ಕಾಲಂ ಒಂದು ಕಡೆ ಮಾತ್ರ ಕೈಕೊಟ್ಟಿತು. 2023ರ ಏಪ್ರಿಲ್‌ನಿಂದ ವಿದೇಶಿಯರು ಗೈಡ್ ಇಲ್ಲದೆ ಚಾರಣ ಮಾಡುವಂತಿಲ್ಲ ಎಂದು ನೇಪಾಳ ನಿಯಮ ತಂದಿದೆ. "ನಾವೂ ವಿದೇಶಿಯರಾ?" ಎಂದು ಭಾವ ಕೇಳಿದರು. ಅಷ್ಟು ದಿನ ಫಾರಿನ್ ಫಾರಿನ್ ಎಂದು ಜಪಿಸಿದ ಮನುಷ್ಯ! ಹೌದಂತೆ. ಹಾಗಾಗಿ ಇಪ್ಪತ್ತೈದರ ಆಸುಪಾಸಿನ ಒಬ್ಬ ಹುಡುಗ ನಮ್ಮ ಜೊತೆಯಾದ. ಅವನ ದಿನಗೂಲಿ ಲೆಕ್ಕದಲ್ಲಿ ಬಹುದೊಡ್ಡ ಬಾಬತ್ತು. ನಾಲ್ಕನೆಯ ದಿನ ಭಾವನ ಚೀಲವೂ ಅವನ ಹೆಗಲೇರಿದ ಮೇಲೆ ಆ ಬಾಬತ್ತಿನ ಬಗ್ಗೆ ಮಾತು ನಿಂತಿತು.

ಉಲ್ಲೇರಿಗೆ ಈಗ ಜೀಪು ಹೋಗುತ್ತದೆ. ಜೀಪಿನ ಬಾಡಿಗೆ ಕೇಳಿದ ಭಾವ, ಮೂರು ಸಾವಿರಕ್ಕೂ ಹೆಚ್ಚಿರುವ ಕಲ್ಲು ಮೆಟ್ಟಿಲುಗಳೇ ವಾಸಿ ಎಂದರು. ನನ್ನ ಮಂಡಿಗಳ ಅಭಿಪ್ರಾಯ ಕೇಳಿದ್ದರೆ ನಾನು ಜೀಪಿಗೆ ಕೈಯಿಂದ ದುಡ್ಡು ಹಾಕುತ್ತಿದ್ದೆ. ಮೆಟ್ಟಿಲುಗಳ ಮೇಲೆ ಗಂಟೆ ಕಟ್ಟಿದ ಹೇಸರಗತ್ತೆಗಳ ಸಾಲು. ಅವು ಬಂದಾಗ ಬೆಟ್ಟದ ಗೋಡೆಯ ಕಡೆಗೇ ಒತ್ತಿ ನಿಲ್ಲಬೇಕು, ಪ್ರಪಾತದ ಕಡೆ ನಿಂತರೆ ಅವುಗಳ ಮೂಟೆ ತಗುಲಿ ನಾವು ಕೆಳಗೆ. ಹುಡುಗ ಇದನ್ನು ಮೊದಲ ದಿನವೇ ಕೈಹಿಡಿದು ಕಲಿಸಿದ. ನಾನು ಏದುಸಿರು ಬಿಡುತ್ತ ಪ್ರತಿ ತಿರುವಿನಲ್ಲೂ ಪ್ರಕೃತಿ ಸೌಂದರ್ಯ ನೋಡುವ ನೆಪದಲ್ಲಿ ನಿಲ್ಲುತ್ತಿದ್ದೆ. "ಬಿಸ್ತಾರೈ, ಬಿಸ್ತಾರೈ," ನಿಧಾನ, ನಿಧಾನ ಎನ್ನುತ್ತಿದ್ದ ಅವನು. ಇದಕ್ಕಿಂತ ನಿಧಾನ ಎಂದರೆ ಕೂತುಬಿಡುವುದೇ.

ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ, 1,930 ಮೀಟರ್. ನಾವು ಅದರ ನೆತ್ತಿಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ. ಇಲ್ಲಿ ಛೋಮ್ರಾಂಗ್ ಎಂಬ ಗುರುಂಗರ ಊರು 2,170 ಮೀಟರಿನಲ್ಲಿದೆ. ಅಲ್ಲಿ ಸಮವಸ್ತ್ರ ತೊಟ್ಟ ಮಕ್ಕಳು ಮೆಟ್ಟಿಲ ಮೇಲೆ ಓಡುತ್ತ ಸ್ಕೂಲಿಗೆ ಹೋಗುತ್ತಿದ್ದವು. ಒಬ್ಬಳು ಹುಡುಗಿ ಓಡುತ್ತಲೇ ಜಡೆ ಹೆಣೆದುಕೊಳ್ಳುತ್ತಿದ್ದಳು.

ಮೆನು ಕಾರ್ಡಿನ ಮಾತು ಹೇಳಲೇಬೇಕು. ಆ ದಾರಿಯ ಒಂದು ಊರಿನ ಲಾಡ್ಜುಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಮೆನು, ಒಂದೇ ದರ. ಸ್ಥಳೀಯ ಸಮಿತಿಯವರು ಕೂತು ಗೊತ್ತುಮಾಡಿದ್ದು. ಮೇಲೆ ಹೋದ ಹಾಗೆ ಅವೇ ತಿನಿಸುಗಳು, ದರ ಮಾತ್ರ ನಮ್ಮ ಜೊತೆಗೇ ಹತ್ತುತ್ತ ಬರುತ್ತದೆ. ರೂಮಿನ ಬಾಡಿಗೆ ಕಡಿಮೆ, ಆದರೆ ರಾತ್ರಿ ಊಟ, ಬೆಳಗಿನ ತಿಂಡಿ ಅಲ್ಲೇ ಮಾಡಬೇಕು. ಬಿಸಿನೀರು ಬಕೆಟ್ಟಿಗೆ ಇಷ್ಟು, ಮೊಬೈಲ್ ಚಾರ್ಜಿಗೆ ಇಷ್ಟು, ವೈಫೈಗೆ ಇಷ್ಟು. ಭಾವ ಮೊದಲೆರಡು ದಿನ ಒಂದೊಂದಕ್ಕೂ ಐದು-ಎಂಟರ ಲೆಕ್ಕ ಹಾಕಿ, ಮೂಗಿನಲ್ಲಿ ಉಸಿರು ಬಿಟ್ಟು, ಸ್ನಾನವನ್ನು ಕೈಬಿಟ್ಟರು. "ಒಂದು ಬಕೆಟ್ ನೀರಿನ ದುಡ್ಡಲ್ಲಿ ನಮ್ಮೂರಲ್ಲಿ ಮಸಾಲೆ ದೋಸೆ, ಕಾಫಿ!" ಎಂದು ಮೂಗು ಮುರಿದರು.

ಮೂರನೆಯ ದಿನ ಛೋಮ್ರಾಂಗ್ ದಾಟಿ ಇಳಿಯುವಾಗ ಎದುರಿನ ಏರಿನಲ್ಲಿ ಒಬ್ಬ ಹತ್ತುತ್ತಿದ್ದ. ಬೆನ್ನ ಮೇಲೆ ಎರಡು ಗ್ಯಾಸ್ ಸಿಲಿಂಡರು, ಅವುಗಳ ಮೇಲೆ ಮೊಟ್ಟೆಯ ಟ್ರೇಗಳು. ಅಷ್ಟೂ ಭಾರ ಹಣೆಗೆ ಸುತ್ತಿದ ಒಂದು ಪಟ್ಟಿಯ ಮೇಲೆ. ನಾಮ್ಲೋ ಎನ್ನುತ್ತಾರೆ ಅದಕ್ಕೆ. ಕಾಲಿಗೆ ರಬ್ಬರ್ ಚಪ್ಪಲಿ. ಕೈಯಲ್ಲಿ ಟಿ ಆಕಾರದ ಮೋಟುಕೋಲು. ಸುಸ್ತಾದಾಗ ಹೊರೆ ಇಳಿಸದೆ, ಆ ಕೋಲನ್ನೇ ಹೊರೆಯ ಬುಡಕ್ಕೆ ಆನಿಸಿ ನಿಂತಲ್ಲೇ ಉಸಿರು ತೆಗೆದುಕೊಳ್ಳುತ್ತಾನೆ. ಅಲ್ಲಿಂದ ಮೇಲಕ್ಕೆ ಕತ್ತೆಗಳೂ ಅಪರೂಪ, ಹೆಚ್ಚಾಗಿ ಮನುಷ್ಯರೇ ಹೊರುವುದು. ಅವನು ನಮ್ಮನ್ನು ದಾಟುವಾಗ ಹಣೆಯ ಪಟ್ಟಿಯ ಕೆಳಗಿನಿಂದ ಕಣ್ಣೆತ್ತಿ "ನಮಸ್ತೆ" ಎಂದ. ಭಾವ ದಾರಿ ಬಿಟ್ಟು ನಿಂತರು. ಆ ರಾತ್ರಿ ಅವರ ಪುಸ್ತಕದಲ್ಲಿ "ಚಹಾ, 2" ಎಂಬುದರ ಎದುರಿಗೆ, ಷರಾ ಬರೆಯುವ ಜಾಗದಲ್ಲಿ, "ಹೊತ್ತು ತಂದ ಕೂಲಿ ಸೇರಿ" ಎಂದಿತ್ತು. ಅಲ್ಲಿಂದ ಮುಂದೆ ಚಹಾದ ಮೇಲೆ ಭಾಗಾಕಾರ ನಡೆಯಲಿಲ್ಲ. ಚಾಕಲೇಟಿನ ಮೇಲೆ ನಡೆಯಿತು.

ಅಗ್ಗದ ಚಾರಣಿಗನ ಕುಲದೇವತೆ ದಾಲ್ ಭಾತ್. ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿ, ಹಪ್ಪಳ. ಉಳಿದೆಲ್ಲ ತಿನಿಸುಗಳು ಒಂದು ತಟ್ಟೆಗೆ ಮುಗಿಯುತ್ತವೆ. ಇದಕ್ಕೆ ಮಾತ್ರ ಎರಡನೇ ಸಲ ಬಡಿಸಿದರೆ ದುಡ್ಡಿಲ್ಲ. "ದಾಲ್ ಭಾತ್ ಪವರ್, 24 ಅವರ್" ಎಂದು ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರುತ್ತಾರೆ. ಕುಮಾರಪರ್ವತ ಹತ್ತುವಾಗ ಗಿರಿಗದ್ದೆಯಲ್ಲಿ ಅನ್ನ ಸಾಂಬಾರಿಗೆ ಕಾದು ಕೂತ ನೆನಪು ಬಂತು. ಬೆಟ್ಟದ ಮೇಲೆ ಹಸಿದವನಿಗೆ ಬಿಸಿ ಅನ್ನ ಹಾಕುವವರ ಕೈ ಎಲ್ಲ ಕಡೆಯೂ ಒಂದೇ ಧಾರಾಳ. ನಮ್ಮ ಪಕ್ಕದ ಮೇಜಿನಲ್ಲಿ ಇಬ್ಬರು ಜರ್ಮನ್ನರು ಪಿಜ್ಜಾ ಎಂಬ ಹೆಸರಿನ ಯಾವುದನ್ನೋ ಕತ್ತರಿಸಲು ಹೆಣಗುತ್ತಿದ್ದರೆ ಭಾವ ಚಟ್ನಿಪುಡಿಯ ಡಬ್ಬಿ ತೆಗೆದು ಮೂರನೇ ಸಲ ಅನ್ನಕ್ಕೆ ತಟ್ಟೆ ಚಾಚಿದರು. ಬಡಿಸಿದ ದಿದಿ ಚಟ್ನಿಪುಡಿಯನ್ನು ಅಂಗೈಗೆ ಹಾಕಿಸಿಕೊಂಡು ನೆಕ್ಕಿ, ಕಣ್ಣಲ್ಲಿ ನೀರು ತಂದುಕೊಂಡು, ಒಳಗೆ ಹೋಗಿ ತನ್ನ ಗುಂಡ್ರುಕ್ ತಂದಿಟ್ಟಳು. ಹುಳಿ ಬರಿಸಿ ಒಣಗಿಸಿದ ಸೊಪ್ಪು ಅದು. ಒಂದು ಪೈಸೆಯ ವ್ಯವಹಾರವಿಲ್ಲದೆ ಎರಡು ದೇಶಗಳ ನಡುವೆ ವಾಣಿಜ್ಯ ನಡೆಯಿತು. ಸಸ್ಯಾಹಾರಿಗಳಿಗೆ ಇನ್ನೊಂದು ಅನುಕೂಲವೂ ಇತ್ತು. ಆ ಕಣಿವೆ ದೇವರ ಜಾಗವೆಂದು ಛೋಮ್ರಾಂಗಿನಿಂದ ಮೇಲೆ ಮಾಂಸ ಒಯ್ಯುವುದಿಲ್ಲ. ಅಲ್ಲಿ ನಮ್ಮ ಅಗ್ಗದ ಊಟಕ್ಕೆ ಜಿಪುಣತನದ ಬದಲು ಭಕ್ತಿಯ ಬಣ್ಣ ಬಂತು.

ಇಳಿಯುವಾಗ ಉಳಿದ ಒಂದು ಲಾಡ್ಜಿನ ಯಜಮಾನ ಎಪ್ಪತ್ತರ ಹತ್ತಿರದವರು, ನಮ್ಮ ಸೇನೆಯ ಗೂರ್ಖಾ ರೈಫಲ್ಸಿನಲ್ಲಿ ಹವಾಲ್ದಾರರಾಗಿದ್ದವರು. ಕರ್ನಾಟಕ ಎಂದ ಕೂಡಲೇ "ಬೆಳಗಾಂವ್!" ಎಂದು ಎದ್ದು ಕೂತರು. ಅಲ್ಲಿನ ಕಮಾಂಡೋ ತರಬೇತಿಯಲ್ಲಿ ಉರುಳಾಡಿದ ಕೆಸರನ್ನೂ, ಭಾನುವಾರ ತಿಂದ ಕುಂದಾವನ್ನೂ ಒಂದೇ ಉಸಿರಿನಲ್ಲಿ ನೆನೆದರು. "ನೀರು ಕೊಡಿ" ಎಂಬ ಎರಡು ಪದ ಇನ್ನೂ ಉಳಿದಿತ್ತು. ಆಮೇಲೆ ಇಬ್ಬರು ಪೆನ್ಷನ್‌ದಾರರು ಒಲೆಯ ಹತ್ತಿರ ಕೂತು ಮಾತಾಡಬೇಕಾದ್ದನ್ನೇ ಮಾತಾಡಿದರು. ಪೊಖರಾದಲ್ಲಿ ಭಾರತೀಯ ಸೇನೆಯ ಪೆನ್ಷನ್ ಕಚೇರಿ ಇದೆ, ಇವರ ಪೆನ್ಷನ್ ಅಲ್ಲಿಂದ. ತುಟ್ಟಿಭತ್ಯೆ ಏರಿದ್ದು, ಸಮಾನ ಶ್ರೇಣಿಗೆ ಸಮಾನ ಪೆನ್ಷನ್ ಬಂದದ್ದು, ಎಲ್ಲ ಬೆರಳ ತುದಿಯಲ್ಲಿತ್ತು. ಮೊತ್ತ ಕೇಳಿದ ಭಾವ ಸುಮ್ಮನೆ ಒಲೆ ನೋಡುತ್ತ ಕೂತರು. ಅವರು ಮಾಡುತ್ತಿದ್ದ ಲೆಕ್ಕ ನನಗೆ ಗೊತ್ತಾಯಿತು: ಇವರು ಭಾಗಿಸುವುದಿಲ್ಲ, ಗುಣಿಸುತ್ತಾರೆ. ನೂರು ರೂಪಾಯಿ ಗಡಿ ದಾಟಿ ಬರುವಷ್ಟರಲ್ಲಿ ನೂರ ಅರವತ್ತಾಗಿರುತ್ತದೆ. ಸಹಕಾರಿ ಬ್ಯಾಂಕಿನ ತಮ್ಮ ಪೆನ್ಷನ್ನಿನ ಮೊತ್ತವನ್ನು ಭಾವ ಆ ರಾತ್ರಿ ಹೇಳಲೇ ಇಲ್ಲ. ಹವಾಲ್ದಾರರೂ ಕೇಳಲಿಲ್ಲ. ಬೆಳಿಗ್ಗೆ ಬಿಲ್ಲಿನಲ್ಲಿ ಎರಡು ಬಕೆಟ್ ಬಿಸಿನೀರು ಇತ್ತು, ಅದರ ಎದುರು ಸೊನ್ನೆ.

ಬೇಸ್ ಕ್ಯಾಂಪಿನ ಬಗ್ಗೆ ಹೇಳಲು ನನ್ನ ಬಳಿ ಹೆಚ್ಚೇನಿಲ್ಲ. ಸುತ್ತ ಹಿಮ, ಮಧ್ಯೆ ನಾವು, ತಲೆನೋವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಅಕ್ಷರಶಃ ಪಾಲಿಸಿ ಸ್ಲೀಪಿಂಗ್ ಬ್ಯಾಗಿನಲ್ಲಿ ಕಾಲು ಮುದುರಿದ ರಾತ್ರಿ. ಸೂರ್ಯ ಬಂದಾಗ ಎದುರಿನ ಮಚ್ಛಪುಚ್ಛ್ರೆಯ ಮೀನಿನ ಬಾಲದಂಥ ಶಿಖರ ಅಂಚಿನಿಂದ ಕೆಂಪಾಯಿತು. 6,993 ಮೀಟರ್, ಏಳು ಸಾವಿರಕ್ಕೆ ಏಳೇ ಕಮ್ಮಿ. "ಚಿಲ್ಲರೆ ಹೊಂದಿಸಬಹುದಿತ್ತು," ಎಂದರು ಭಾವ. 1957ರಲ್ಲಿ ಜಿಮ್ಮಿ ರಾಬರ್ಟ್ಸ್ ಎಂಬ ಗೂರ್ಖಾ ದಳದ ಅಧಿಕಾರಿಯ ತಂಡ ಇದನ್ನು ಹತ್ತಿ, ತುದಿಗೆ ಐವತ್ತು ಮೀಟರ್ ಇರುವಾಗ ನಿಂತು ಹಿಂದಿರುಗಿತು. ಆಮೇಲೆ ಈ ಶಿಖರವನ್ನು ಹತ್ತಲು ನೇಪಾಳ ಯಾರಿಗೂ ಬಿಟ್ಟಿಲ್ಲ. ಅದೇ ರಾಬರ್ಟ್ಸ್ 1964ರಲ್ಲಿ ಕಾಠ್ಮಂಡುವಿನಲ್ಲಿ ಚಾರಣದ ಕಂಪನಿ ತೆರೆದು, ದುಡ್ಡು ತೆಗೆದುಕೊಂಡು ಜನರನ್ನು ಬೆಟ್ಟದ ಬುಡದವರೆಗೆ ನಡೆಸುವ ವ್ಯಾಪಾರಕ್ಕೆ ನಾಂದಿ ಹಾಡಿದ. ತುದಿ ಮುಟ್ಟದೆಯೂ ಸುಖವಾಗಿರಬಹುದು ಎಂದು ಮೊದಲು ಕಂಡುಕೊಂಡವನು ಅವನೇ ಇರಬೇಕು. ನನ್ನ ಮಂಡಿಗಳು ಅವನಿಗೆ ಋಣಿ.

ಲೆಕ್ಕ ಕೊನೆಗೆ ತಲೆಗೆ ಮೂವತ್ತೊಂಬತ್ತು ಸಾವಿರ ಚಿಲ್ಲರೆಗೆ ನಿಂತಿತು. ಭಾವ ಅದನ್ನು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದು ಮುಗಿಸಿ, ವಾಟ್ಸಾಪ್ ಗುಂಪಿಗೆ ಹಿಮದ ಫೋಟೋ ಹಾಕುವ ಬದಲು ಆ ಹಾಳೆಯ ಫೋಟೋ ಹಾಕಿದರು. ಸ್ವಿಟ್ಜರ್ಲೆಂಡಿನ ಹುಡುಗನಿಂದ ಹೆಬ್ಬೆರಳ ಗುರುತು ಬಂತು.

ಮಂಗಳಾರತಿಯಾದದ್ದು ನಮ್ಮ ಸೋದರತ್ತೆಯಿಂದ. ಎಪ್ಪತ್ತೆಂಟು ವಯಸ್ಸಿನ ಅವರು ಊರಿನಿಂದ ಬಂದು, ದೇವರ ಮನೆಯ ಮುಂದೆ ಹತ್ತಿ ಬತ್ತಿ ಹೊಸೆಯುತ್ತ ಎಲ್ಲ ಕೇಳಿದರು. "ಅಲ್ಲೋ, ಅಷ್ಟು ದೂರ ಹೋಗಿ ಮುಕ್ತಿನಾಥ ನೋಡದೆ ಬಂದ್ಯಾ? ಗಂಡಕಿ ನದೀಲಿ ಕಾಲೂ ಅದ್ದಲಿಲ್ವಾ? ಈ ಸಾಲಿಗ್ರಾಮ ಎಲ್ಲಿಂದ ಬಂದದ್ದು ಅಂದ್ಕೊಂಡಿದ್ದೀಯ?" ಸಂಪುಟದೊಳಗೆ ನಾಲ್ಕು ತಲೆಮಾರಿನಿಂದ ತುಳಸಿ ಏರಿಸಿಕೊಂಡು ಕೂತ ಕರಿಯ ಕಲ್ಲು ನನ್ನನ್ನೇ ನೋಡುತ್ತಿತ್ತು. "ಹೋಗಲಿ, ಪಶುಪತಿನಾಥ? ಅಲ್ಲಿ ಪೂಜೆ ಮಾಡೋ ಭಟ್ಟರು ನಮ್ಮ ಕಡೆಯವರೇ ಅಂತೆ, ಕನ್ನಡ ಮಾತಾಡ್ತಾರಂತೆ. ಅದೂ ಇಲ್ವಾ? ಮತ್ತೆ ಹೋಗಿ ಮಾಡಿದ್ದೇನು?"

"ನಡೆದದ್ದು," ಎಂದೆ.

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಭಾವ ಆಗಲೇ ಕೆಂಪು ರಟ್ಟಿನ ಪುಸ್ತಕದ ಹೊಸ ಹಾಳೆ ತೆರೆದು, ಪೆನ್ನಿನ ಮುಚ್ಚಳ ಕಚ್ಚಿಕೊಂಡಿದ್ದರು. ಮುಕ್ತಿನಾಥದವರೆಗೆ ಈಗ ಜೀಪು ಹೋಗುತ್ತದೆ, ಹತ್ತುವ ಕಷ್ಟವಿಲ್ಲ. ಪರ್ಮಿಟ್ ಅದೇ, 625. ಅತ್ತೆಗೆ ಅರವತ್ತೈದು ದಾಟಿರುವುದರಿಂದ ಆಧಾರ್ ಸಾಕು. ಎತ್ತರ ಮೂರು ಸಾವಿರದ ಏಳುನೂರು ಮೀಟರಿನ ಮೇಲೆ, ಹಾಗಾಗಿ ಡಾಕ್ಟರನ್ನು ಮೊದಲು ಕೇಳಬೇಕು. ಒಂದೊಂದನ್ನೂ ಅವರು ಗಟ್ಟಿಯಾಗಿ ಓದುತ್ತ ಬರೆದರು.

"ಅಲ್ಲಿ ನೂರೆಂಟು ಧಾರೆ ಇದೆಯಂತಲ್ಲ ಅಳಿಯಂದಿರೇ, ಎಲ್ಲದರ ಕೆಳಗೂ ಸ್ನಾನ ಮಾಡಬೇಕಂತೆ. ಅದಕ್ಕೂ ಧಾರೆಗಿಷ್ಟು ಅಂತ ಇಟ್ಟಿದ್ದಾರಾ?"

"ಧಾರೆ ಫ್ರೀ ಅತ್ತೆ. ಐಸಿನ ಹಾಗಿರುತ್ತೆ. ಆಮೇಲೆ ಲಾಡ್ಜಲ್ಲಿ ಬಿಸಿನೀರು ಬೇಕು ಅಂದರೆ ಬಕೆಟ್ಟಿಗೆ ಇಷ್ಟು ಅಂತ ತಗೋತಾರೆ."

"ಎಷ್ಟು?"

ಭಾವ ಹೇಳಿದರು. ಅತ್ತೆಗೆ ಎಂಟರಿಂದ ಭಾಗಿಸಿ ಐದರಿಂದ ಗುಣಿಸಿ ಹೇಳುವ ಗೋಜಿಗೆ ಹೋಗಲಿಲ್ಲ.

"ಹಾಗಾದರೆ ಬಿಸಿನೀರು ಬೇಡ ಬಿಡಿ," ಎಂದರು ಅತ್ತೆ. "ಹೊರಡೋದು ಯಾವಾಗ?"